ಪಕ್ಕದ ಸೀಟಿನ ಬ್ರೇಕು

ಜನವರಿ 4

ಅಣ್ಣನಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ನಾವು ಎಂದರೆ ನಾನು, ನನ್ನ ಡ್ರೈವಿಂಗ್ ಸ್ಕೂಲು, ಮತ್ತು ಬಾಗಿಲಲ್ಲಿ ನಿಂತಿರುವ ನಿನ್ನ ಮೆಚ್ಚಿನ ಸಣ್ಣ ಕಾರು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಲೈನ್ ಸರಿ ಇಲ್ಲ, ಏನಿದ್ರೂ ಬರೆದು ಹಾಕು" ಎಂದು ಇಟ್ಟುಬಿಡುತ್ತೀಯ. ಒಂದೂವರೆ ವರ್ಷವಾದರೂ ಲೈನ್ ಸರಿಯಾಗದ ಊರು ಯಾವುದಪ್ಪ ಅದು. ಇರಲಿ, ಬರೆದೇ ಹಾಕುತ್ತಿದ್ದೇನೆ.

ಕಾರು ಬದಲಿಸಬೇಕೆಂದಿದ್ದೇನೆ. ಇಪ್ಪತ್ಮೂರು ವರ್ಷದಲ್ಲಿ ನಾಲ್ಕು ಕಾರು ಕೊಂಡೆ. ನಾಲ್ಕೂ ಒಂದೇ ಕಂಪನಿಯವು. ನಾಲ್ಕಕ್ಕೂ ನೀನೇ ಬಂದು, ಬಾನೆಟ್ ಎತ್ತಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಕೇಳಿ "ಇದು ಸರಿ" ಎಂದೆ. ನಿನ್ನ ಕಿವಿ ಒಂದು ಸಲವೂ ನನಗೆ ಮೋಸ ಮಾಡಿಲ್ಲ.

ಈ ಸಲ ಕಂಪನಿಯೇ ಬೇರೆ. ಅಪ್ಪ ಹತ್ತೊಂಬತ್ತು ವರ್ಷ ಧಣಿಗೆ ಓಡಿಸಿದ ಕಾರಿನ ಕಂಪನಿ. ಗಾಬರಿಯಾಗಬೇಡ, ಹೊಸದಲ್ಲ. ಒಂಬತ್ತು ವರ್ಷ ಹಳೆಯದು, ಕಪ್ಪು ಬಣ್ಣ, ಆಟೋಮ್ಯಾಟಿಕ್ ಗೇರು, ಯಾರೋ ದಂತವೈದ್ಯರು ಇಟ್ಟುಕೊಂಡಿದ್ದರಂತೆ. ಹಳೆ ಕಾರು ಮಾರುವವನ ಅಂಗಳದಲ್ಲಿ ನಿಂತಿದೆ. ದಿನವೂ ಪಾಠ ಹೇಳುತ್ತ ಅದರ ಮುಂದೆಯೇ ಹೋಗುತ್ತೇನೆ. ದಾರಿ ಅದಲ್ಲದಿದ್ದರೂ ಹೋಗುತ್ತೇನೆ. ಕಲಿಯಲು ಬರುವವರಿಗೆಲ್ಲ ಆ ತಿರುವು ಬಾಯಿಪಾಠವಾಗಿದೆ.

ಸ್ಕೂಲನ್ನೂ ಸಣ್ಣ ಕಾರನ್ನೂ ನನ್ನ ಹಳೆಯ ಶಿಷ್ಯೆಗೆ ಬಿಟ್ಟುಕೊಡುತ್ತೇನೆ. ದೊಡ್ಡ ಕಾರನ್ನು ಬಾಡಿಗೆಗೆ ನಾನೇ ಓಡಿಸುತ್ತೇನೆ. ದೂರದ ಆಸ್ಪತ್ರೆಗೆ, ಮಗಳ ಮನೆಗೆ ಹೋಗಬೇಕಾದ ವಯಸ್ಸಾದವರು "ನೀನು ಓಡಿಸೋದಾದ್ರೆ ಬರ್ತೀವಿ" ಎಂದು ಈಗಲೇ ಕೇಳುತ್ತಿದ್ದಾರೆ. ಕೂಡಿಟ್ಟಿದ್ದೆಲ್ಲ ಈ ಕಾರಿಗೇ ಹೋಗುತ್ತದೆ. ಕಾರು ಕೈಕೊಟ್ಟರೆ ನನ್ನ ಅನ್ನವೂ ಹೋಯಿತು. ಇದನ್ನು ನೀನು ಹೇಳುವ ಮುಂಚೆ ನಾನೇ ಹೇಳಿಬಿಟ್ಟಿದ್ದೇನೆ.

ಒಂದು ದಿನದ ಮಟ್ಟಿಗೆ ಬಾ. ಬಂದು ಕಿವಿಗೊಟ್ಟು ಕೇಳಿ ಹೋಗು. ಅಷ್ಟೇ ಸಾಕು.

ನಿನ್ನ ತಂಗಿ

ಜನವರಿ 14

ಗಿಣಿಗೆ,

ಪತ್ರ ಬಂತು. ಓದಿ ಮುಗಿಸುವಷ್ಟರಲ್ಲಿ ಚಹಾ ಆರಿ ತಣ್ಣಗಾಗಿತ್ತು. ಮಾತು ಕಡಿಮೆ ಮಾಡಲಿ ಎಂದು ಬರೆಯಲು ಹೇಳಿದರೆ ನೀನು ಕಾಗದದಲ್ಲೂ ಅಷ್ಟೇ ಮಾತಾಡುತ್ತೀಯ.

ಬೇಡ.

ಹಳೆಯ ದೊಡ್ಡ ಕಾರು ಕೊಳ್ಳುವುದೆಂದರೆ ಬೇರೆಯವರ ಸುಸ್ತನ್ನು ಕೊಂಡುಕೊಳ್ಳುವುದು. ಸುಖವನ್ನೆಲ್ಲ ಮೊದಲ ಯಜಮಾನ ಉಂಡು ಮುಗಿಸಿರುತ್ತಾನೆ, ಎರಡನೆಯವನಿಗೆ ಉಳಿಯುವುದು ಅದರ ನರಳಾಟ. ಆ ಕಂಪನಿಯ ಕೆಲವು ಕಾರುಗಳು ಗಾಳಿ ತುಂಬಿದ ಚೀಲಗಳ ಮೇಲೆ ನಿಂತಿರುತ್ತವೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊಟ್ಟೆಯನ್ನು ನೆಲಕ್ಕೆ ಹಾಕಿ ಎಮ್ಮೆಯ ಹಾಗೆ ಮಲಗಿರುತ್ತದೆ. ಎಬ್ಬಿಸುವವರು ನಿನ್ನ ಊರಲ್ಲಿಲ್ಲ. ಬಾಗಿಲ ಕನ್ನಡಿ ಒಡೆದರೂ ಹೊಸದು ಸಮುದ್ರ ದಾಟಿ ಬರಬೇಕು. ನಿನ್ನ ಸಣ್ಣ ಕಾರಿನ ಸಾಮಾನು ಸಾಬೂನು ಮಾರುವ ಅಂಗಡಿಯಲ್ಲೂ ಸಿಗುತ್ತದೆ. ರಸ್ತೆಯಲ್ಲಿ ನಿಂತುಹೋದರೆ ದಾರಿಹೋಕನೂ ಬಂದು ಎರಡು ತಟ್ಟಿ ಓಡಿಸಿ ಕೊಡುತ್ತಾನೆ.

ನಿನಗೀಗ ಐವತ್ತನಾಲ್ಕು. ಇನ್ನೊಂದಿಷ್ಟು ವರ್ಷ ನೆಮ್ಮದಿಯಾಗಿ ಸ್ಕೂಲು ನಡೆಸಿಕೊಂಡಿರುವುದು ಬಿಟ್ಟು ಬಿಳಿ ಆನೆ ಸಾಕಲು ಹೊರಟಿದ್ದೀಯ. ಯಾರಿಗೆ ತೋರಿಸಬೇಕಾಗಿದೆ?

ಬರಲು ಆಗುವುದಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮೈಮೇಲೆ ಬಿದ್ದಿದೆ. ಅತ್ತಿಗೆ ನಿನ್ನನ್ನು ಕೇಳಿದ್ದಾಳೆ.

ಅಣ್ಣ

ಜನವರಿ 23

ಅಣ್ಣನಿಗೆ,

ಯಾರಿಗೆ ತೋರಿಸಬೇಕು ಎಂದು ಕೇಳಿದ್ದೀಯ. ಧಣಿ ಇಲ್ಲ. ಅಪ್ಪನೂ ಇಲ್ಲ. ಇರುವವಳು ನಾನು, ನನಗೇ ತೋರಿಸಿಕೊಳ್ಳಬೇಕು. ಸಾಕಾ?

ಅಪ್ಪ ಆ ಕಾರು ಹತ್ತುವ ಮುಂಚೆ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದುದು ನಿನಗೆ ನೆನಪಿದೆಯಲ್ಲ. ಬಿಸಿಲಲ್ಲಿ ಸುಡುವ ಪೆಡಲ್ ಮೇಲೂ ಬರಿಗಾಲು. ಧಣಿ ಹಾಗೆ ಹೇಳಿರಲಿಲ್ಲ, ಅಪ್ಪನೇ ತಾನಾಗಿ ಮಾಡುತ್ತಿದ್ದ. ಅದಕ್ಕೇ ನನಗೆ ಇಂದಿಗೂ ಕೋಪ. ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ನಾವಿಬ್ಬರೂ ಶೆಡ್ಡಿಗೆ ನುಗ್ಗಿದೆವು. ನಾನು ಸ್ಟಿಯರಿಂಗ್ ಹಿಂದೆ, ನೀನು ಪಕ್ಕದಲ್ಲಿ. ನನಗೆ ಒಂಬತ್ತು ವರ್ಷ, ಕಾಲು ಪೆಡಲ್ಲಿಗೆ ಎಟುಕಲಿಲ್ಲ. ಅಪ್ಪ ಬಂದವನು ನಿನ್ನ ಕೆನ್ನೆಗೆ ಬಿಟ್ಟ, ನನ್ನನ್ನು ರಟ್ಟೆ ಹಿಡಿದು ಇಳಿಸಿದ. ನೀನು ಮತ್ತೆ ಆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ನಾನು ಮಾತ್ರ ಆ ಸೀಟಿನಿಂದ ಇನ್ನೂ ಇಳಿದಿಲ್ಲ.

ಇನ್ನೊಂದು ಮಾತು. ಇಪ್ಪತ್ಮೂರು ವರ್ಷದಿಂದ ಕಾರು ನನ್ನದು, ಕೂರುವುದು ಪಕ್ಕದ ಸೀಟಿನಲ್ಲಿ. ನನ್ನ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಹಾಕಿಸಿಕೊಟ್ಟವನು ನೀನೇ. ಓಡಿಸುವವರು ಕಲಿಯಲು ಬಂದವರು, ಅವರು ಎಡವಿದಾಗ ತುಳಿಯುವವಳು ನಾನು. ಬ್ರೇಕಮ್ಮ ಎಂದು ಹೆಸರಿಟ್ಟಿದ್ದಾರೆ, ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ. ಸಾವಿರ ಜನಕ್ಕೆ ಓಡಿಸುವುದನ್ನು ಕಲಿಸಿದೆ. ನಾನು ಮನಸಾರೆ ಓಡಿಸಿದ್ದು ಯಾವಾಗ ಎಂದು ಯೋಚಿಸಿದರೆ ನೆನಪಿಗೆ ಬರುವುದಿಲ್ಲ.

ನಿನಗೆ ಬರಲು ಪುರುಸೊತ್ತಿಲ್ಲವಲ್ಲ, ಕಾರನ್ನೇ ನಿನ್ನ ಹತ್ತಿರ ಕಳಿಸಿದ್ದೇನೆ. ತಣ್ಣಗಿದ್ದ ಇಂಜಿನ್ನನ್ನು ಶುರು ಮಾಡಿಸಿ ಎರಡು ನಿಮಿಷ ಶಬ್ದ ಹಿಡಿದು ಅತ್ತಿಗೆಯ ಫೋನಿಗೆ ಹಾಕಿದ್ದೇನೆ. ಕೇಳಿ ಹೇಳು. ಪಂದ್ಯ ಹೀಗಿದೆ: ಅದರಲ್ಲಿ ನಿಜವಾಗಿಯೂ ದೋಷ ಇದೆ ಎಂದು ನಿನ್ನ ಕಿವಿ ಹೇಳಿದರೆ ಆ ಕಾರನ್ನು ಮರೆಯುತ್ತೇನೆ. ಬಾಯಿ ಹೇಳುವುದು ಬೇಡ, ಕಿವಿ ಹೇಳಲಿ.

ತಂಗಿ

ಫೆಬ್ರವರಿ 3

ಗಿಣಿಗೆ,

ಕೇಳಿದೆ. ಕಟಕಟ ಅನ್ನುತ್ತಿದೆ. ಟೈಮಿಂಗ್ ಚೈನ್ ಸಡಿಲವಾಗಿದೆ. ಆ ಚೈನ್ ಹರಿದರೆ ಇಂಜಿನ್ನೇ ಹೋಯಿತು ಅಂತ ತಿಳಿ.

ಪಂದ್ಯ ನೀನೇ ಕಟ್ಟಿದ್ದು. ಬಿಟ್ಟುಬಿಡು.

ಅಣ್ಣ

ಫೆಬ್ರವರಿ 9

ಅಣ್ಣನಿಗೆ,

ನಿನ್ನ ಪತ್ರ ಓದಿ ಎರಡು ದಿನ ಆ ಕಾರಿನ ಆಸೆಯನ್ನೇ ಬಿಟ್ಟಿದ್ದೆ. ಮಾತು ಕೊಟ್ಟಾಗಿತ್ತು. ಆ ತಿರುವಿಗೆ ಹೋಗುವುದನ್ನೂ ಬಿಟ್ಟೆ, ಕಲಿಯುವವರು ದಾರಿ ತಪ್ಪಿತೇನೋ ಎಂದು ನನ್ನ ಮುಖ ನೋಡಿದರು.

ಮೂರನೆಯ ದಿನ ಪಕ್ಕದ ಮನೆಯ ಟೈಲರ್ ಅಕ್ಕ ಬಂದಳು. ಅವಳ ಹೊಲಿಗೆ ಯಂತ್ರ ಕೆಟ್ಟಿತ್ತು. ಶಬ್ದ ಕಳಿಸಿ ಎಂದು ರಿಪೇರಿಯವನು ಹೇಳಿದ್ದಕ್ಕೆ, ಅವಳಿಗೆ ಅದೆಲ್ಲ ಬಾರದು ಎಂದು, ನಾನೇ ನನ್ನ ಫೋನಿನಲ್ಲಿ ಹಿಡಿದು ಕಳಿಸಿದ್ದೆ. ಕಾರಿನ ಶಬ್ದ ಹಿಡಿದ ದಿನವೇ. ಅವಳು ಹೇಳಿದಳು, "ಅಕ್ಕಾ, ಅವನು ಫೋನ್ ಮಾಡಿದ್ದ. ಇಷ್ಟು ದೊಡ್ಡ ಮೆಷಿನ್ನು ನನ್ನ ಕೈಲಾಗಲ್ಲ, ಫ್ಯಾಕ್ಟರಿಯವರನ್ನ ಕರೀರಿ ಅಂದ."

ಓಡಿಹೋಗಿ ಫೋನ್ ತೆಗೆದು ನೋಡಿದೆ. ಎರಡನ್ನೂ ಅದಲು ಬದಲು ಕಳಿಸಿದ್ದೇನೆ. ಕಾರು ಹೊಲಿಗೆ ಯಂತ್ರದವನಿಗೆ ಹೋಗಿದೆ. ನಿನಗೆ ಬಂದದ್ದು ಟೈಲರ್ ಅಕ್ಕನ ಯಂತ್ರ.

ಹೊಲಿಗೆ ಯಂತ್ರಕ್ಕೆ ಟೈಮಿಂಗ್ ಚೈನ್ ಯಾವಾಗ ಹಾಕಿದರು ಅಣ್ಣ? ನಲವತ್ತು ವರ್ಷ ಇಂಜಿನ್ ಬಿಚ್ಚಿದ ನಿನಗೆ ಹೊಲಿಗೆ ಯಂತ್ರ ಯಾವುದು, ಕಾರು ಯಾವುದು ತಿಳಿಯಲಿಲ್ಲ ಎಂದು ನಾನು ನಂಬಬೇಕಾ? ನೀನು ಕೇಳಲೇ ಇಲ್ಲ. ಕೇಳುವ ಮುಂಚೆಯೇ ಬೇಡ ಎಂದು ತೀರ್ಮಾನಿಸಿದ್ದೆ, ಆಮೇಲೆ ಒಂದು ರೋಗ ಹುಡುಕಿದೆ. ತಂಗಿ ಆ ಕಾರಿನಲ್ಲಿ ಕೂತರೆ ನಿನಗೇನು ಸಂಕಟ? ಅಂದು ಬಿದ್ದ ಏಟಿನ ಉರಿ ಇನ್ನೂ ಇಳಿದಿಲ್ಲವಾ? ನನ್ನ ಕಿವಿಯ ಮೇಲೆ ಹೂವಿಡಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಈಗ ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ನನ್ನ ಎಡ ಮೊಣಕಾಲು ಕೆಟ್ಟಿದೆ. ಇಪ್ಪತ್ಮೂರು ವರ್ಷ ಪರರ ಕ್ಲಚ್ಚು ತುಳಿದದ್ದರ ಫಲ. ಮೆಟ್ಟಿಲನ್ನು ಒಂದೊಂದಾಗಿ, ಮಗುವಿನ ಹಾಗೆ ಇಳಿಯುತ್ತೇನೆ. ಡಾಕ್ಟರು "ಇನ್ನು ಕ್ಲಚ್ ಮುಟ್ಟಬಾರದು" ಎಂದು ನವೆಂಬರಿನಲ್ಲೇ ಹೇಳಿದ್ದಾರೆ. ಅದಕ್ಕೇ ಸ್ಕೂಲು ಬಿಡುತ್ತಿರುವುದು. ಬರೆದಿದ್ದರೆ ನೀನು "ಹಾಗಾದರೆ ಒಂದು ಸಣ್ಣ ಆಟೋಮ್ಯಾಟಿಕ್ ತಗೋ" ಎನ್ನುತ್ತಿದ್ದೆ. ಸಣ್ಣ ಆಟೋಮ್ಯಾಟಿಕ್ ಇದೆ ಎಂದು ನನಗೂ ಗೊತ್ತು. ಮೊಣಕಾಲಿಗೆ ಅದು ಸಾಕು. ನನಗೆ ಸಾಲದು.

ಬರುವ ಭಾನುವಾರ ಕಪ್ಪು ಕಾರನ್ನು ಓಡಿಸಿ ನೋಡಿ, ಅಲ್ಲೇ ಮುಗಿಸಿ ಬರುತ್ತೇನೆ. ನಿನ್ನ ಒಪ್ಪಿಗೆ ಇಲ್ಲದೆ ಕೊಳ್ಳುವ ಮೊದಲ ಕಾರು ಇದು.

ಬ್ರೇಕಮ್ಮ

ಫೆಬ್ರವರಿ 21

ಗಿಣಿ,

ನೀನು ಹೇಳಿದ ಭಾನುವಾರ ಕಳೆದು ಐದು ದಿನವಾಯಿತು. ಕೊಂಡಿರುತ್ತೀಯ. ನಿನ್ನ ಹಠ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯಬೇಕು.

ನನಗೆ ಕಿವಿ ಕೇಳುವುದಿಲ್ಲ.

ಸ್ವಲ್ಪ ಮಂದ ಎಂದು ನೀನು ತಮಾಷೆ ಮಾಡುತ್ತಿದ್ದೆಯಲ್ಲ, ಅದಲ್ಲ. ಪೂರ್ತಿ ಹೋಗಿದೆ. ಒಂದೂವರೆ ವರ್ಷವಾಯಿತು. ಲೈನ್ ಸರಿಯಾಗಿಯೇ ಇದೆ. ನಲವತ್ತು ವರ್ಷ ಸೈಲೆನ್ಸರ್ ಬಿಚ್ಚಿದ ಲಾರಿಗಳ ಕೆಳಗೆ ಮಲಗಿದ್ದೆ, ಈಗ ಕಿವುಡರ ಯಂತ್ರ ಕಿವಿಗಿಟ್ಟರೂ ಗಾಳಿ ಬೀಸಿದ ಹಾಗಾಗುತ್ತದೆ, ಅಷ್ಟೇ. ನಿನಗೆ ಹೇಳಕೂಡದು ಎಂದು ಅತ್ತಿಗೆಗೆ ಕಟ್ಟಪ್ಪಣೆ ಮಾಡಿದ್ದೆ. ಅವಳನ್ನು ಬೈಯಬೇಡ.

ಗ್ಯಾರೇಜಿನಲ್ಲಿ ಕೆಲಸವೂ ಇಲ್ಲ. ಹೋದ ವರ್ಷ ಒಬ್ಬ ಲಾರಿಯವನು "ಮುಂದಿನ ಚಕ್ರ ಏನೋ ಶಬ್ದ ಮಾಡ್ತಿದೆ, ನೋಡಣ್ಣ" ಎಂದು ಬಂದ. ಕೇಳಿಸದು ಎಂದು ಹೇಳಲು ನಾಚಿಕೆಯಾಗಿ, ಕಿವಿ ಇಟ್ಟ ಹಾಗೆ ಮಾಡಿ, "ಸರಿ ಇದೆ ಹೋಗು" ಎಂದೆ. ಬೇರಿಂಗ್ ಕಿರುಚುತ್ತಿತ್ತಂತೆ, ರಸ್ತೆಯಲ್ಲಿ ಹೋಗುವವರಿಗೂ ಕೇಳುತ್ತಿತ್ತಂತೆ. ಏರಿನಲ್ಲಿ ಚಕ್ರ ಕಳಚಿತು. ಪುಣ್ಯಕ್ಕೆ ಲಾರಿ ಗುಡ್ಡದ ಕಡೆಗೆ ವಾಲಿತು, ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಶಟರ್ ಎಳೆದೆ. ಮತ್ತೆ ಎತ್ತಿಲ್ಲ.

ನೀನು ಕಳಿಸಿದ್ದನ್ನು ಹಾಕಿಸಿದೆ. ಪರದೆಯ ಮೇಲೆ ಒಂದು ಗೆರೆ ಮೇಲೆ ಕೆಳಗೆ ಕುಣಿಯಿತು. "ಏನಂತಿದೆ?" ಎಂದು ಅತ್ತಿಗೆಯನ್ನು ಕೇಳಿದೆ. ಅವಳು ಚೀಟಿಯಲ್ಲಿ "ಕಟಕಟ" ಎಂದು ಬರೆದಳು. ಅದರ ಮೇಲೆ ನಾನು ಚೈನ್ ಕಟ್ಟಿದೆ. ಬೇಡ ಎಂದರೆ ಯಾರ ಚಕ್ರವೂ ಕಳಚುವುದಿಲ್ಲ. ಸರಿ ಎಂದು ಇನ್ನೊಂದು ಸಲ, ಅದೂ ನಿನಗೆ, ಹೇಳುವ ಧೈರ್ಯ ನನಗಿರಲಿಲ್ಲ. ಸಂಕಟವೇನು ಎಂದು ಕೇಳಿದೆಯಲ್ಲ, ಇದೇ.

ಅಂದಿನ ಏಟನ್ನು ನಾನು ಅಂದೇ ಮರೆತಿದ್ದೇನೆ. ಮೊಣಕಾಲಿನ ವಿಷಯ ನನಗೇ ಹೇಳದಿದ್ದೆಯಲ್ಲ, ಅದು ಮಾತ್ರ ಉರಿಯುತ್ತಿದೆ.

ಕಿವಿ ಇಲ್ಲದೆ ಕಾರು ನೋಡುವುದು ಹೇಗೆ ಎಂದು ಈ ಕಾಗದದ ಹಿಂದೆ ಇಟ್ಟಿರುವ ಮೂರು ಹಾಳೆಯಲ್ಲಿ ಬರೆದಿದ್ದೇನೆ. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ ಹೋಗು. ಮೇಲಿನ ಮುಚ್ಚಳದ ಮೇಲೆ ಅಂಗೈ ಇಡು, ಬೆಲ್ಟಿನ ಹತ್ತಿರ ಬೇಡ. ಶುರುವಾದಾಗ ಒಂದು ಮೈನಡುಕ ಬಂದು ನಿಲ್ಲಬೇಕು. ನಿಲ್ಲದೆ ಬೆರಳಿಗೆ ಚುಚ್ಚಿದ ಹಾಗಾದರೆ ಚೈನ್. ಎಣ್ಣೆಯ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸು, ಬೆಣ್ಣೆಯಂಥ ಬಿಳಿ ಅಂಟು ಬಂದರೆ ಅಲ್ಲಿಂದ ಎದ್ದು ಬಾ. ಬೆಲ್ಟಿನಲ್ಲಿ ಅಡ್ಡ ಬಿರುಕು ಇದೆಯಾ ನೋಡು. ಹೊಗೆ ಕೊಳವೆಗೆ ಬಿಳಿ ಕರವಸ್ತ್ರ ಹಿಡಿ, ಎಣ್ಣೆಯ ಜಿಡ್ಡು ಅಂಟಬಾರದು. ಉಳಿದದ್ದು ಹಾಳೆಯಲ್ಲಿದೆ.

ಕೊಂಡಾಗಿದ್ದರೂ ಒಂದು ಸಲ ನೋಡಿಬಿಡು. ಕೊಂಡಿರದಿದ್ದರೆ, ನನ್ನ ಮಾತು ಈಗಲೂ ಬೇಡ ಎಂದೇ.

ಅಣ್ಣ

ಮಾರ್ಚ್ 2

ಅಣ್ಣ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೆಯ ಸಲ ಬೈದೆ, ಗೋಡೆಗೆ. ಮೂರನೆಯ ಸಲ ಪೆನ್ಸಿಲ್ ಹಿಡಿದುಕೊಂಡು ಹಿಂದಿನ ಹಾಳೆಗಳಿಗೆ ಗೆರೆ ಹಾಕಿದೆ.

ನಿನಗೆ ಕಿವಿ ಹೋದದ್ದಕ್ಕೆ ಅತ್ತೆ. ನನಗೆ ಹೇಳದೆ ಒಂದೂವರೆ ವರ್ಷ ಒಬ್ಬನೇ ನುಂಗಿಕೊಂಡದ್ದಕ್ಕೆ ಬೈದೆ. ನಿನ್ನನ್ನು ಹೊಟ್ಟೆಕಿಚ್ಚಿನವನು ಎಂದುಕೊಂಡ ನನಗೂ ಎರಡು ಬೈದುಕೊಂಡೆ. ಇಬ್ಬರೂ ಸರಿಯಾದ ಜೋಡಿಯೇ, ನೀನು ಕಿವಿ ಮುಚ್ಚಿಟ್ಟೆ, ನಾನು ಕಾಲು ಮುಚ್ಚಿಟ್ಟೆ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಕನಿಕರ ನನ್ನ ಹತ್ತಿರ ಇಲ್ಲ.

ಕಪ್ಪು ಕಾರನ್ನು ಕೊಳ್ಳಲಿಲ್ಲ. ಬೀಗಬೇಡ, ನಿನ್ನ ಮಾತಿಗಲ್ಲ.

ಆ ಭಾನುವಾರ ಹೋದೆ. ಮಾರುವವನು ಬಾಗಿಲು ತೆಗೆದು ನಿಂತ. ನಾನು ಏನು ಮಾಡಿದೆ ಗೊತ್ತಾ? ಸುತ್ತಿ ಬಂದು, ಅಭ್ಯಾಸ ಬಲದಿಂದ, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಅವನು ನಕ್ಕ. "ಮೇಡಂ, ಓಡಿಸೋದು ಈ ಕಡೆಯಿಂದ" ಎಂದ. ನನಗೆ ಮುಖವೆಲ್ಲ ಬಿಸಿಯಾಯಿತು. "ಗೊತ್ತು, ಮೊದಲು ನೀವು ಓಡಿಸಿ, ನೋಡೋಣ" ಎಂದುಬಿಟ್ಟೆ. ಬೀದಿಯ ತುದಿಯಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಇಲ್ಲದ ಕ್ಲಚ್ಚನ್ನೂ ಇಲ್ಲದ ಬ್ರೇಕನ್ನೂ ಎರಡು ಕಾಲಲ್ಲಿ ಒಟ್ಟಿಗೆ ತುಳಿದೆ. ನೆಲ ಒಳಗೆ ಕುಸಿದು ಹಿಮ್ಮಡಿಗೆ ತಣ್ಣಗಾಯಿತು.

ಮಳೆ ಬಂದು ಮೂರು ತಿಂಗಳಾಗಿದೆ. ಬಗ್ಗಿ ಮ್ಯಾಟ್ ಎತ್ತಿದೆ. ಕೆಳಗಿನ ದಪ್ಪ ಹಾಸು ಒದ್ದೆ, ವಾಸನೆ ಬೇರೆ. ಸೀಟಿನ ಕೆಳಗಿನ ಕಂಬಿಗೆ ತುಕ್ಕು. ಬೆಲ್ಟನ್ನು ಬುಡದವರೆಗೂ ಎಳೆದೆ, ಒಳಗಿನ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ. ಆ ಕಾರು ಎಲ್ಲೋ ನೆರೆಯಲ್ಲಿ ಸೀಟಿನ ಮಟ್ಟದವರೆಗೆ ಮುಳುಗಿ ಎದ್ದಿದೆ. "ದಂತವೈದ್ಯರು ಈಜೋಕೂ ಹೋಗ್ತಿದ್ರಾ?" ಎಂದು ಕೇಳಿದೆ. ಅವನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಅಲ್ಲೇ ಇಳಿದು ನಡೆದುಕೊಂಡು ಬಂದೆ.

ಕಾರು ಬಿಟ್ಟೆ, ಕಂಪನಿ ಬಿಟ್ಟಿಲ್ಲ. ನನ್ನ ಮೊದಲ ವರ್ಷದ ಶಿಷ್ಯೆಯೊಬ್ಬರಿದ್ದಾರೆ, ಲೈಬ್ರರಿಯಲ್ಲಿದ್ದು ನಿವೃತ್ತರಾದವರು. ಅವರ ಯಜಮಾನರದ್ದು ಅದೇ ಕಂಪನಿಯ ಕಾರು, ಹನ್ನೆರಡು ವರ್ಷದ್ದು, ಆಟೋಮ್ಯಾಟಿಕ್ ಗೇರೇ. ಯಜಮಾನರು ತೀರಿಹೋದಮೇಲೆ ಕಾರು ಹಾಗೇ ನಿಲ್ಲಬಾರದೆಂದು ವಾರಕ್ಕೊಮ್ಮೆ ಇವರೇ ಮಾರುಕಟ್ಟೆಯವರೆಗೆ ಓಡಿಸುತ್ತಾರೆ. ಬಣ್ಣ ಮಾಸಿದೆ, ಒಂದು ಬಾಗಿಲಿಗೆ ಗೀರು ಬಿದ್ದಿದೆ. ಆದರೆ ಮೊದಲ ದಿನದಿಂದ ಇಲ್ಲಿಯವರೆಗಿನ ಸರ್ವೀಸಿನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಬೆನ್ನಿಗೆ ಚೀಟಿ ಅಂಟಿಸಿ, ಕಪಾಟಿನಲ್ಲಿ ನಿಲ್ಲಿಸಿದ್ದಾರೆ. ಗಾಳಿಯ ಚೀಲ ಇಲ್ಲ, ಕಬ್ಬಿಣದ ಸ್ಪ್ರಿಂಗು, ನಿನ್ನ ಎಮ್ಮೆ ಮಲಗುವುದಿಲ್ಲ.

ನಿನ್ನೆ ಬೆಳಿಗ್ಗೆ ಏಳಕ್ಕೆ ಹೋದೆ. ಮುಚ್ಚಳದ ಮೇಲೆ ಅಂಗೈ ಇಟ್ಟೆ, ಅವರು ಶುರು ಮಾಡಿದರು. ಒಂದು ನಡುಕ ಬಂತು, ನಿಂತಿತು. ಆಮೇಲೆ ಮಲಗಿದ ಬೆಕ್ಕಿನ ಬೆನ್ನು ಮುಟ್ಟಿದ ಹಾಗಿತ್ತು. ಎಣ್ಣೆಯ ಮುಚ್ಚಳದಲ್ಲಿ ಬಿಳಿ ಅಂಟಿಲ್ಲ. ಕರವಸ್ತ್ರ ಬೂದಿ ಬಣ್ಣ, ಒಣಗಿದ್ದು. ಪಕ್ಕದ ಸೀಟಿನಲ್ಲಿ ಕೂತು ಎರಡು ಕಾಲಲ್ಲೂ ನೆಲ ತುಳಿದೆ, ಗಟ್ಟಿ. ಈ ಪರೀಕ್ಷೆ ನಿನ್ನ ಹಾಳೆಯಲ್ಲಿಲ್ಲ, ಸೇರಿಸಿಕೋ.

ಒಪ್ಪಿಗೆ ಕೇಳುತ್ತಿಲ್ಲ. ವಿಷಯ ತಿಳಿಸುತ್ತಿದ್ದೇನೆ.

ಇನ್ನೊಂದು ಮಾತಿದೆ, ಕೋಪ ಬಂದರೆ ಬರಲಿ. ಕಿವಿ ಇಲ್ಲದೆ ಕಾರು ನೋಡುವುದು ಹೇಗೆ ಎಂದು ಮೂರು ಹಾಳೆ ತುಂಬ ಬರೆಯಬಲ್ಲವನು ಶಟರ್ ಯಾಕೆ ಎಳೆದ? ಆ ಲಾರಿಯ ಚಕ್ರ ಕಳಚಿದ್ದು ನಿನಗೆ ಕೇಳಿಸದೆ ಇದ್ದುದರಿಂದ ಅಲ್ಲ. ಕೇಳಿಸದು ಎಂದು ನೀನು ಹೇಳದೆ ಇದ್ದುದರಿಂದ.

ತಂಗಿ

ಮಾರ್ಚ್ 11

ಗಿಣಿ,

ಬೆಕ್ಕು, ಕಪಾಟು ಎಲ್ಲ ಸರಿ. ಗೇರಿನ ಎಣ್ಣೆ ಯಾವಾಗ ಬದಲಿಸಿದರು ಎಂದು ಬರೆದಿಲ್ಲ. "ಅದನ್ನ ಬದಲಿಸಲೇಬೇಕಾಗಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡ. ಕಪಾಟಿನಲ್ಲಿ ಹುಡುಕು. ಸಿಗದಿದ್ದರೆ ಬದಲಿಸಿಯೇ ಓಡಿಸು.

ಕಡೆಯ ಎರಡು ಸಾಲು ಓದಿ ಪತ್ರವನ್ನು ಮುದ್ದೆ ಮಾಡಿ ಎಸೆದೆ. ಅತ್ತಿಗೆ ಎತ್ತಿ, ನೆಟ್ಟಗೆ ಮಾಡಿ, ಊಟದ ತಟ್ಟೆಯ ಪಕ್ಕ ಇಟ್ಟಳು. ಎರಡು ದಿನ ಅದೇ ಜಾಗದಲ್ಲಿ ಇಟ್ಟಳು.

ನನ್ನ ಮಾತು ಬದಲಾಗಿಲ್ಲ. ಬೇಡ.

ಅಣ್ಣ

ಮಾರ್ಚ್ 20

ಅಣ್ಣನಿಗೆ,

ಗೇರಿನ ಎಣ್ಣೆ ಎರಡು ವರ್ಷದ ಹಿಂದೆ ಬದಲಿಸಿದ್ದಾರೆ, ಮೇಲಿನಿಂದ ಮೂರನೆಯ ಸಾಲು, ಹಸಿರು ಚೀಟಿ. ಬೇಡ ಎಂದವನು ಎಣ್ಣೆಯ ವಿಷಯ ಯಾಕೆ ಕೇಳಿದೆ ಎಂದು ನಾನು ಕೇಳುವುದಿಲ್ಲ.

ಕೊಂಡೆ. ಮೊನ್ನೆ ನನ್ನ ಹೆಸರಿಗಾಯಿತು. ಸಣ್ಣ ಕಾರಿನ ಕೀಲಿಯನ್ನು ಸ್ಕೂಲು ವಹಿಸಿಕೊಂಡ ಶಿಷ್ಯೆಯ ಕೈಗೆ ಕೊಟ್ಟಾಗ ಸ್ವಲ್ಪ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ದೊಡ್ಡ ಕಾರಿಗೆ ಚಪ್ಪಲಿ ಹಾಕಿಕೊಂಡೇ ಹತ್ತಿದೆ. ಬೇಕೆಂದೇ ರಸ್ತೆಯ ಬದಿಯ ಧೂಳು ತುಳಿದುಕೊಂಡು ಬಂದು ಹತ್ತಿದೆ. ಸರಿಯಾದ ಕಡೆಯಿಂದ.

ಮೊದಲ ಬಾಡಿಗೆ ಏಪ್ರಿಲ್ ಎರಡನೆಯ ವಾರ. ಅದಕ್ಕಿಂತ ಮುಂಚೆ ಮೊದಲ ದೂರದ ದಾರಿ ನಿನ್ನ ಊರಿಗೆ. 29ರ ಶನಿವಾರ ಸಂಜೆ ಐದಕ್ಕೆ ಬರುತ್ತೇನೆ. ಗೇಟಿನ ಹತ್ತಿರ ನಿಂತು ಮೂರು ಸಲ ದೀಪ ಮಿಟುಕಿಸುತ್ತೇನೆ, ಕಿಟಕಿಯ ಪರದೆ ಸರಿಸಿಡು. ಹಾರ್ನ್ ಕೂಡ ಹೊಡೆಯುತ್ತೇನೆ. ನಿನಗೆ ಕೇಳಿಸದಿದ್ದರೆ ಬೀದಿಗೆ ಕೇಳಿಸಲಿ.

ತಂಗಿ

ಏಪ್ರಿಲ್ 2

ಗಿಣಿಗೆ,

ನೀನು ಹೋದ ಮೇಲೂ ಬೀದಿಯವರು ಹಾರ್ನಿನ ವಿಷಯವನ್ನೇ ಮಾತಾಡುತ್ತಿದ್ದಾರಂತೆ. ಅತ್ತಿಗೆ ಚೀಟಿಯಲ್ಲಿ ಬರೆದು ತೋರಿಸಿದಳು, ಉಪ್ಪುಖಾರ ಹಚ್ಚಿಯೇ ಬರೆದಿದ್ದಾಳೆ.

ಅಂದು ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಎದುರಿಗಿದ್ದಾಗ ನೀನು ಮಾತಾಡುತ್ತೀಯ, ನಾನು ನಿನ್ನ ತುಟಿ ನೋಡಬೇಕು, ನನ್ನ ಸರದಿ ಬರುವುದೇ ಇಲ್ಲ.

ಭಾನುವಾರ ಬೆಳಿಗ್ಗೆ ನೀನು ಏಳುವ ಮುಂಚೆ ಕೀಲಿ ತೆಗೆದುಕೊಂಡು ಹೊರಗೆ ಹೋಗಿದ್ದೆ. ಹಳೆಯ ಸ್ಕ್ರೂಡ್ರೈವರ್ ತಂದೆ. ಮುಂಚೆ ಹಿಡಿಯನ್ನು ಕಿವಿಗೆ ಇಡುತ್ತಿದ್ದೆ, ಈಗ ಹಲ್ಲಿನಲ್ಲಿ ಕಚ್ಚಿ ಹಿಡಿದು ತುದಿಯನ್ನು ಇಂಜಿನ್ನಿಗೆ ಇಟ್ಟೆ. ದವಡೆಯ ಮೂಳೆಯಲ್ಲಿ ಇಂಜಿನ್ ಓಡಿತು, ಗಿಣಿ. ತಲೆಯ ಒಳಗೆಲ್ಲ ಓಡಿತು. ಒಂದೂವರೆ ವರ್ಷದ ಮೇಲೆ ಮೊದಲ ಸಲ ನನ್ನೊಳಗೆ ಏನೋ ಸದ್ದಾಯಿತು. ಎಷ್ಟು ಹೊತ್ತು ಹಾಗೇ ಬಗ್ಗಿ ನಿಂತಿದ್ದೆನೋ ಗೊತ್ತಿಲ್ಲ. ಅತ್ತಿಗೆ ಬಂದು ಬೆನ್ನ ಮೇಲೆ ಕೈಯಿಟ್ಟಾಗ ಕಣ್ಣು ಒರೆಸಿಕೊಂಡೆ. ಎಣ್ಣೆ ಸಿಡಿಯಿತು ಎಂದೆ. ಅವಳು ನಂಬಲಿಲ್ಲ.

ಚೈನ್ ಸರಿಯಾಗಿದೆ. ಈ ಸಲ ಚೀಟಿ ನೋಡಿ ಹೇಳುತ್ತಿಲ್ಲ. ಹಿಂದಿನ ಒಂದು ಶಾಕ್ ಅಬ್ಸಾರ್ಬರ್ ಮಳೆಗಾಲದ ಹೊತ್ತಿಗೆ ಹೋಗುತ್ತದೆ, ಈಗಲೇ ಹೇಳಿಟ್ಟಿರು, ಬರುವುದು ನಿಧಾನ. ಉಳಿದದ್ದೆಲ್ಲ ಗಟ್ಟಿ. ಇದು ಸರಿ.

ಸೋಮವಾರ ಶಟರ್ ಎತ್ತಿದೆ. ತುಕ್ಕು ಹಿಡಿದಿತ್ತು, ಇಬ್ಬರು ಸೇರಿ ಎತ್ತಬೇಕಾಯಿತು. ಬಾಗಿಲಿಗೆ ಒಂದು ಹಲಗೆ ಹಾಕಿದ್ದೇನೆ: "ಮೆಕ್ಯಾನಿಕ್‌ಗೆ ಕಿವಿ ಕೇಳುವುದಿಲ್ಲ. ಬರೆದು ಹೇಳಿ, ಕೈಯಿಂದ ಮುಟ್ಟಿ ನೋಡುತ್ತಾನೆ." ಮೊದಲು ಬಂದವನು ಅದೇ ಲಾರಿಯವನು. ಹಲಗೆ ಓದಿದ, ನನ್ನ ಮುಖ ನೋಡಿದ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕೆಳಗೇ ಬರೆದ, ಹಿಂದಿನ ಎಡ ಚಕ್ರ ಎಂದು.

ಇನ್ನು ಭಾನುವಾರ ನನ್ನನ್ನು ಗುಡ್ಡದ ದಾರಿಯಲ್ಲಿ ಸುತ್ತಿಸಿದೆಯಲ್ಲ, ಅದರ ಮಾತು. ನಾನು ಪಕ್ಕದ ಸೀಟಿನಲ್ಲಿದ್ದೆ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ತಾನಾಗಿ ನೆಲ ತುಳಿಯುತ್ತಿತ್ತು. ನೀನು ನೋಡಲಿಲ್ಲ ಎಂದುಕೊಂಡಿದ್ದೆ. ಆರನೆಯ ತಿರುವಿನಲ್ಲಿ ನನ್ನ ಕಡೆ ತಿರುಗಿ, ಪ್ರತಿ ಅಕ್ಷರ ನನಗೆ ಕಾಣುವ ಹಾಗೆ ಬಾಯಿ ಅಗಲಿಸಿ, "ಅಲ್ಲಿ ಬ್ರೇಕ್ ಇಲ್ಲ ಅಣ್ಣ" ಎಂದೆ. ನಿನ್ನ ಎಡಗಾಲು ಸುಮ್ಮನೆ ಚಾಚಿಕೊಂಡು ಕೂತಿತ್ತು.

ಆ ಸುತ್ತಿಗೆ ಹೊರಡುವಾಗ ಆದದ್ದನ್ನು ನೀನು ನಕ್ಕು ಮರೆತಿರಬಹುದು, ನನಗೆ ಆಗುತ್ತಿಲ್ಲ. ನೀನು ಬಾಗಿಲು ತೆಗೆದೆ, ನಾನು ಹತ್ತಿ ಕೂತೆ, ಕಾರು ಗೇಟು ದಾಟಿತು. ಕನ್ನಡಿಯಲ್ಲಿ ಏನೋ ಕಂಡು ನೀನು ನಿಲ್ಲಿಸಿ ಹಿಂದಕ್ಕೆ ಬಂದೆ. ಗೇಟಿನ ಹತ್ತಿರ ನನ್ನ ಎರಡು ಚಪ್ಪಲಿ ಜೋಡಿಸಿಟ್ಟ ಹಾಗೆ ಬಿದ್ದಿದ್ದವು. ಬಿಟ್ಟದ್ದು ನನಗೇ ತಿಳಿದಿರಲಿಲ್ಲ. ಕೆಟ್ಟ ಮೊಣಕಾಲು ಹೊತ್ತುಕೊಂಡು ನೀನೇ ಇಳಿದು, ಎತ್ತಿ ತಂದು, ನನ್ನ ಕಾಲ ಬಳಿ ಹಾಕಿ, "ಹಾಕ್ಕೋ" ಎಂದೆ.

ಹಾಕಿಕೊಂಡೆ.

ಅಣ್ಣ